ಗುಂಡಿಗೆ ಗುಂಡಿಗೆ ಇದೆ

ಮಾರ್ಚ್ 3

ಅಕ್ಕಾ,

ಫೋನ್ ಮಾಡಿ ಮಾಡಿ ನಿನಗೆ ಸಾಕಾಗಿರುತ್ತೆ. ನಮ್ಮನೆ ಫೋನ್ ಕೆಟ್ಟಿದೆ. ರಿಪೇರಿ ಮಾಡಿಸ್ತೀನಿ ಅಂದಿದ್ದಾರೆ ಇವರು, ಆದರೆ ಔಷಧಿ ಅಂಗಡಿ ಬಿಟ್ಟು ಬರೋದಕ್ಕೆ ಅವರಿಗೆ ಪುರುಸೊತ್ತೆಲ್ಲಿ? ಅಲ್ಲೀವರೆಗೆ ಕಾಗದವೇ ಗತಿ. ಒಂಥರಾ ಒಳ್ಳೇದೇ ಆಯ್ತು ಬಿಡು. ಫೋನಿನಲ್ಲಿ ನಿನ್ನ ಬಾಯಿಗೆ ಅಡ್ಡ ಹೋಗೋಕೆ ಯಾರಿಗೂ ಆಗಲ್ಲ, ಕಾಗದದಲ್ಲಾದರೂ ನನ್ನ ಸರದಿ ಬರುತ್ತೆ.

ಒಂದು ಕೆಲಸ ಆಗಬೇಕು. ನಂಗೆ ಮೂರು ಅಂಗಿ ಹೊಲಿದು ಕಳಿಸು. ತೋಳು ಪೂರ್ತಿ ಉದ್ದ, ಮಣಿಕಟ್ಟಿನ ತನಕ. ಕಾಲರ್ ಎತ್ತರಕ್ಕೆ ನಿಲ್ಲಬೇಕು, ಕುತ್ತಿಗೆ ಕಾಣಬಾರದು. ಬೇಸಿಗೇಲಿ ಇದೇನೇ ಹುಚ್ಚು ಅಂತ ಬೈಬೇಡ, ಇಲ್ಲೀಗ ಇದೇ ಫ್ಯಾಷನ್. ಬಟ್ಟೆ ದಪ್ಪದ್ದೇ ಇರಲಿ. ಅಳತೆ ಹಳೇದೇ, ಸೊಂಟ ಮಾತ್ರ ಸ್ವಲ್ಪ ಬಿಗಿ ಮಾಡು. ಸಣ್ಣ ಆಗಿದೀನಿ. ಹೊಟ್ಟೆ ಉರ್ಕೋಬೇಡ.

ಇಲ್ಲಿಯ ಟೈಲರ್ ಹತ್ರ ಹೊಲಿಸೋಣ ಅಂದ್ರೆ ಅಳತೆಗೆ ನಿಲ್ಲಬೇಕು, ನಂಗೆ ಕಚಗುಳಿ. ನಿನಗಾದ್ರೆ ನನ್ನ ಅಳತೆ ಬಾಯಿಪಾಠ.

ಭಾವನಿಗೆ ನಮಸ್ಕಾರ ಹೇಳು. ಇಸ್ತ್ರಿ ಪೆಟ್ಟಿಗೆ ಮುಂದೆ ಪೇಪರ್ ಓದ್ತಾ ನಿಂತು ಇನ್ನೆಷ್ಟು ಜನರ ಪ್ಯಾಂಟು ಸುಟ್ಟರು?

ನಿನ್ನ ತಂಗಿ


ಮಾರ್ಚ್ 15

ಲೇ ಗುಂಡಿ,

'ನಿನ್ನ ತಂಗಿ' ಅಂತ ಸಹಿ ಹಾಕಿದ್ದೀಯಲ್ಲ, ನಾನೇನು ಕಚೇರಿ ನಡೆಸ್ತಿದೀನಾ? ನನ್ನ ಹೊಸ ಅಂಗಿಯ ಗುಂಡಿ ಕಿತ್ತು ಗುಳುಂ ಅಂತ ನುಂಗಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಓಡಿಸಿದವಳು ನೀನು. ಅವತ್ತಿಂದ ನೀನು ಗುಂಡಿ. ಮದುವೆಯಾಗಿ ಪಟ್ಟಣ ಸೇರಿದ ತಕ್ಷಣ ಹೆಸರು ಬದಲಾಗಲ್ಲ.

ಅಂಗಿಗಳು ಇದರ ಜೊತೆ ಬರ್ತಿವೆ. ಕಾಲರ್ ಸರಿಯಾಗಿ ನಿಲ್ಲುತ್ತೋ ಇಲ್ವೋ ಅಂತ ಒಂದನ್ನ ಅಂಗಡಿ ಮುಂದಿನ ಗೊಂಬೆಗೆ ಹಾಕಿ ನೋಡ್ದೆ. ಅಷ್ಟೇ ನೋಡು! ಬೇಕರಿಯವನ ಹೆಂಡತಿ ದಾರ ತಗೊಳ್ಳೋಕೆ ಬಂದವಳು ಗೊಂಬೆ ಮುಂದೆ ನಿಂತೇಬಿಟ್ಟಳು. 'ಏನಕ್ಕಾ ಇದು?' 'ಪಟ್ಟಣದ ಹೊಸ ಫ್ಯಾಷನ್ನು, ನನ್ನ ತಂಗಿ ಹಾಕ್ಕೋತಾಳೆ' ಅಂದೆ. ಮೂಗು ಸ್ವಲ್ಪ ಮೇಲೆ ಮಾಡ್ಕೊಂಡೇ ಅಂದೆ. 'ನಂಗೂ ಎರಡು ಹೊಲಿ' ಅಂದಳು. ಸಂಜೆಗೆ ಟೀಚರಮ್ಮ ಬಂದರು, ಮಾರನೇ ದಿನ ಪೋಸ್ಟ್ ಆಫೀಸಿನ ಹೆಂಗಸರು. ಈಗ ನನ್ನ ಮಿಷನ್ನಿಗೆ ಉಸಿರಾಡೋಕೆ ಬಿಡುವಿಲ್ಲ.

ಇದಕ್ಕೆ 'ಪಟ್ಟಣದ ತೋಳು' ಅಂತ ಹೆಸರಿಟ್ಟಿದೀನಿ. ಬಿಸಿಲು ನೆತ್ತಿ ಸುಡ್ತಿದೆ, ಆದ್ರೂ ಎಲ್ಲರೂ ಮಣಿಕಟ್ಟಿನ ತನಕ ಮುಚ್ಕೊಂಡು, ಕತ್ತು ನೆಟ್ಟಗೆ ಮಾಡ್ಕೊಂಡು, ಬೆವರು ಸುರಿಸ್ತಾ ಓಡಾಡ್ತಿದ್ದಾರೆ. ನಿನ್ನ ಭಾವ ಅಂತಾರೆ, 'ನಿನ್ನ ತಂಗಿ ಒಂದು ಕಾಗದ ಬರೆದಳು, ಬೀದಿಗೆ ಬೀದಿಯೇ ಬೆಂದು ಹೋಯ್ತು.'

ನಿನ್ನ ಯಜಮಾನರು ನನ್ನ ಮಂಡಿನೋವಿಗೆ ಮುಲಾಮು ಕಳಿಸಿದ್ದರು, ಜೊತೆಗೆ ಎರಡು ಸಾಲು ಬರೆದಿದ್ದರು. ಎಂಥ ಅಕ್ಷರ, ಎಂಥ ವಿನಯ! ನೀನು ಪುಣ್ಯ ಮಾಡಿದ್ದೆ ಕಣೇ.

ನಿನ್ನ ಅಕ್ಕ


ಏಪ್ರಿಲ್ 6

ಅಕ್ಕಾ,

ಅಂಗಿ ಮೈಗೆ ಸರಿಯಾಗಿ ಕೂತಿದೆ. ಕೈ ಎತ್ತಿದರೆ ಮಾತ್ರ ತೋಳು ಜಾರುತ್ತೆ. ಮುಂದಿನ ಸಲ ಮಣಿಕಟ್ಟಿನ ಹತ್ರ ಒಂದರ ಪಕ್ಕ ಇನ್ನೊಂದು ಗುಂಡಿ ಇಡು, ಬಿಗಿಯಾಗಿ ನಿಲ್ಲಲಿ.

ನಿನ್ನ ಕಾಗದ ಓದಿ ಜೋರಾಗಿ ನಕ್ಕೆ. ಇವರು ಬಂದು 'ಅಷ್ಟೊಂದು ನಗು ಏನು?' ಅಂದರು. ಏನಿಲ್ಲ ಅಂದೆ.

ನನ್ನ ಹೊಸ ಆಟ ಕೇಳು. ಇಲ್ಲಿ ನೀರಿನ ಟ್ಯಾಂಕಿನ ಹಿಂದೆ ದೊಡ್ಡ ಇಳಿಜಾರಿದೆ, ಕೆಳಗೆ ಲಾರಿ ಓಡಾಡೋ ರಸ್ತೆ. ತರಕಾರಿ ತರ್ತೀನಿ ಅಂತ ಸ್ಕೂಟರ್ ತಗೊಂಡು ಹೋಗ್ತೀನಿ, ಇಳಿಜಾರು ಶುರುವಾದ ತಕ್ಷಣ ಎರಡೂ ಕೈ ಬಿಟ್ಟುಬಿಡ್ತೀನಿ! ಕಿವೀಲಿ ಗಾಳಿ ಭೋರ್ ಅನ್ನುತ್ತೆ. ಕೆಳಗೆ ಮುಟ್ಟೋ ತನಕ ತಲೇಲಿ ಒಂದೇ ಒಂದು ಯೋಚನೆ ಇರಲ್ಲ. ಮಜಾ ಅಂದ್ರೆ ಮಜಾ.

ಈಚೆಗೆ ನಿದ್ದೆ ಸರಿಯಾಗಿ ಬರ್ತಿಲ್ಲ. ಅಂಗಡಿಯಿಂದ ಮಾತ್ರೆ ತಂದುಕೊಡ್ತಾರೆ. ಹೋದ ವಾರ ಲೆಕ್ಕ ತಪ್ಪಿ ಜಾಸ್ತಿ ನುಂಗಿಬಿಟ್ಟೆ, ಮಾರನೇ ದಿನ ಪೂರ್ತಿ ಎದ್ದೇ ಇಲ್ಲ. ಗುಂಡಿ ನುಂಗಿ ಅರಗಿಸಿಕೊಂಡವಳಿಗೆ ಮಾತ್ರೆ ಯಾವ ಲೆಕ್ಕ, ಅಲ್ವಾ?

ನಿನ್ನ ತಂಗಿ


ಏಪ್ರಿಲ್ 18

ಲೇ ಗುಂಡಿ,

ನಕ್ಕು ನಕ್ಕು ಟೀಚರಮ್ಮನ ಕಾಲರ್ ಸೊಟ್ಟ ಹೊಲಿದುಬಿಟ್ಟೆ. ಕೈ ಬಿಟ್ಟು ಸ್ಕೂಟರ್ ಓಡಿಸ್ತೀಯಾ! ಚಿಕ್ಕವಳಿದ್ದಾಗ ಗೋಡೆ ಮೇಲೆ ನಡೀತಿದ್ದವಳು, ನಾನು ಕೆಳಗೆ ಲಂಗ ಹರಡಿ ಹಿಡ್ಕೊಂಡು ನಿಂತಿರ್ತಿದ್ದೆ. ಮದುವೆಯಾಗಿ ಮೆತ್ತಗಾಗಿಬಿಟ್ಟೆಯೇನೋ ಅಂತ ಹೆದರಿದ್ದೆ. ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳ್ದೆ. 'ನಮ್ಮ ಗುಂಡಿಗೆ ಗುಂಡಿಗೆ ಇದೆ!' ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು.

ನಿನ್ನ ಭಾವ ಮಾತ್ರ ನಗಲಿಲ್ಲ. ಪೇಪರ್ ಕೆಳಗಿಟ್ಟು, 'ಕೈ ಯಾಕೆ ಬಿಡ್ತಾಳೆ?' ಅಂತ ಕೇಳಿದರು. ಇವರಿಗೆ ತಮಾಷೆ ಅನ್ನೋದು ಅರ್ಥವಾದರೆ ತಾನೇ.

ಎರಡೆರಡು ಗುಂಡಿಯ ತೋಳು ಕಳಿಸ್ತಿದೀನಿ. ಅದನ್ನ ನೋಡಿ ಬೇಕರಿಯವನ ಹೆಂಡತಿ ತನಗೂ ಹಾಗೇ ಬೇಕು ಅಂದಳು. ಪೋಸ್ಟ್ ಆಫೀಸಿನವರೂ ಈಗ ಎರಡೆರಡು ಗುಂಡಿಗೆ ಬಂದಿದ್ದಾರೆ. ಲೇ, ಈ ಬೀದೀಲಿ ಒಂದು ಬರಿ ಮೊಳಕೈ ನೋಡೋಕೆ ಸಿಗಲ್ಲ ಈಗ! ಎಲ್ಲ ನಿನ್ನ ಹಾಗೇ ಕಾಣ್ತಾರೆ.

ನಿನ್ನ ಅಕ್ಕ


ಮೇ 24

ಗುಂಡಿ,

ಎಲ್ಲೇ ಹೋದೆ? ಅಂಗಿ ಸಿಕ್ತೋ ಇಲ್ವೋ ಅಂತ ಒಂದು ಸಾಲಿಲ್ಲ. ಫ್ಯಾಷನ್ ಬದಲಾಯ್ತಾ? ಬದಲಾಗಿದ್ರೆ ಹೇಳಿಬಿಡು, ಇಲ್ಲಿ ಜನ ಸೆಖೆಗೆ ಸಾಯ್ತಿದ್ದಾರೆ.

ನಿನ್ನ ಭಾವ ದಿನಾ ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಬಾಗಿಲಿಗೆ ಬಂದು ನಿಂತ್ಕೋತಾರೆ. ಅವರು ಬಾಗಿಲಿಗೆ ಬಂದಷ್ಟೂ ನಾನೂ ಮಿಷನ್ ನಿಲ್ಲಿಸಿ ಬೀದಿ ಕಡೆ ನೋಡ್ತೀನಿ. ನಗಿಸೋದೇನೂ ಬೇಡ. ಖಾಲಿ ಕಾಗದ ಆದ್ರೂ ಹಾಕು.

ಅಕ್ಕ


ಜೂನ್ 12

ಅಕ್ಕಾ,

ಇದನ್ನ ಓದೋಕೆ ಮುಂಚೆ ಮಿಷನ್ ನಿಲ್ಲಿಸು. ಕತ್ತರಿ ಕೆಳಗಿಡು. ಕೂತ್ಕೋ.

ನಾನು ಆ ಮನೆ ಬಿಟ್ಟಿದೀನಿ. ಚೆನ್ನಾಗಿದೀನಿ, ಊಟ ಆಗಿದೆ. ಇಷ್ಟನ್ನ ಮೊದಲೇ ಹೇಳಿಬಿಟ್ಟೆ. ಈಗ ಮಿಕ್ಕಿದ್ದು.

ಉದ್ದ ತೋಳು ಫ್ಯಾಷನ್ ಅಲ್ಲ ಅಕ್ಕ. ಅವರು ಹೊಡೀತಿದ್ದರು. ಕೈಗೆ, ಬೆನ್ನಿಗೆ, ಕುತ್ತಿಗೆಗೂ ಕೈ ಹಾಕ್ತಿದ್ದರು. ಹೊಡೆದ ಮೇಲೆ ಅವರೇ ಕೂತು ನಾಜೂಕಾಗಿ ಮುಲಾಮು ಹಚ್ಚೋರು. ಏಟೂ ಅವರದೇ, ಮುಲಾಮೂ ಅವರದೇ. ಫೋನು ಕೆಟ್ಟಿರಲಿಲ್ಲ, ಗೋಡೆಗೆ ಎಸೆದಿದ್ದರು. ಬೇರೆ ಟೈಲರ್ ಹತ್ರ ನಾನು ಯಾಕೆ ಹೋಗಲಿಲ್ಲ ಅಂತ ಈಗ ನಿಂಗೆ ಗೊತ್ತಾಗುತ್ತೆ. ಮಾತ್ರೆ ಲೆಕ್ಕ ತಪ್ಪಿರಲಿಲ್ಲ. ಇಳಿಜಾರೂ ಮಜಾ ಅಲ್ಲ. ಕೆಳಗೆ ಲಾರಿ ಬಂದರೆ ಬರಲಿ ಅಂತಲೇ ಕೈ ಬಿಡ್ತಿದ್ದೆ. ಅವರು ಯಾವಾಗ ಹೊಡೀತಾರೆ ಅನ್ನೋದು ನನ್ನ ಕೈಲಿರಲಿಲ್ಲ, ಬೀಳೋದಾದ್ರೂ ನನ್ನ ಕೈಲಿರಲಿ ಅನ್ನಿಸ್ತಿತ್ತು.

ನನ್ನನ್ನ ಆ ಮನೆಯಿಂದ ಹೊರಗೆ ದಬ್ಬಿದ್ದು ಯಾರು ಗೊತ್ತಾ? ನೀನೇ. 'ಎಲ್ಲ ನಿನ್ನ ಹಾಗೇ ಕಾಣ್ತಾರೆ' ಅಂತ ಬರೆದಿದ್ದೆಯಲ್ಲ, ಅದನ್ನ ಓದಿ ನಗೋಕೆ ಶುರು ಮಾಡ್ದೆ, ನಿಲ್ಲಿಸೋಕೇ ಆಗಲಿಲ್ಲ. ಒಂದು ಬೀದಿಯ ಹೆಂಗಸರೆಲ್ಲ ಕುಲುಮೆಯಂಥ ಸೆಖೇಲಿ ನನ್ನ ಬಾಸುಂಡೆ ಮುಚ್ಚೋ ಬಟ್ಟೆ ಹಾಕ್ಕೊಂಡು ಮೆರೀತಿದ್ದಾರೆ! ನನ್ನ ಸುಳ್ಳು ಅಷ್ಟು ದೂರ ಹೋಗಿತ್ತು. ಆಮೇಲೆ ಆ ಇನ್ನೊಂದು ಮಾತು, ಗುಂಡಿಗೆ ಗುಂಡಿಗೆ ಇದೆ ಅಂದದ್ದು. ಸುಳ್ಳಿಗೆ ಸಿಕ್ಕ ಶಹಬಾಸು ಅದು. ಅದನ್ನೊಂದು ನಿಜ ಮಾಡಿಬಿಡೋಣ ಅನ್ನಿಸ್ತು. ಮಟಮಟ ಮಧ್ಯಾಹ್ನ ಸ್ಕೂಟರ್ ಹತ್ತಿ ಹೊರಟುಬಿಟ್ಟೆ.

ಮನೆ ಬಿಟ್ಟೆ, ಬುದ್ಧಿ ಬಿಡಲಿಲ್ಲ. ಈ ಊರಿನ ಬಾಗಿಲಲ್ಲೂ ಒಂದು ಇಳಿಜಾರು. ಮತ್ತೆ ಕೈ ಬಿಟ್ಟೆ. ಕೆಳಗೆ ಡ್ರೈವಿಂಗ್ ಸ್ಕೂಲಿನ ಕಾರೊಂದು ಅಡ್ಡ ಬಂದು ನಿಲ್ತು, ನಾನು ಬೇಲಿಗೆ ಬಿದ್ದೆ. ಕಾರಿಂದ ಒಬ್ಬ ದೊಡ್ಡ ಹೆಂಗಸು ಇಳಿದರು, ಹಾರ್ನಿನಂಥ ಗಂಟಲು. ಸ್ಕೂಟರಿನ ಕೀ ಕಿತ್ತು ಜೇಬಿಗೆ ಹಾಕ್ಕೊಂಡರು. ನನ್ನ ತೋಳು ಹರಿದು ಹಳೇ ಗುರುತೆಲ್ಲ ಕಾಣ್ತಿತ್ತು. ಅದನ್ನ ನೋಡಿದರು. 'ಸಾಯೋಕೆ ಹೊರಟಿದ್ದೀಯೋ, ಕಲಿಯೋಕೆ ಹೊರಟಿದ್ದೀಯೋ? ಕಲಿಯೋದಾದ್ರೆ ಹತ್ತು' ಅಂದರು. ಹತ್ತಿದೆ. ಈಗ ಸ್ಕೂಲಿನ ಮೇಲಿನ ಕೋಣೇಲಿದೀನಿ. ಕಾರು ತೊಳೀತೀನಿ, ಸ್ಕೂಲಿಗೆ ಬರೋ ಫೋನ್ ಎತ್ಕೋತೀನಿ. ಎಲ್ಲರೂ ಅವರನ್ನ ದೊಡ್ಡ ಮೇಡಂ ಅಂತಾರೆ.

ಲಕೋಟೆ ಹಿಂದಿನ ವಿಳಾಸ ಯಾರಿಗೂ ಕೊಡಬೇಡ. ಯಾರಿಗೂ ಅಂದ್ರೆ ಯಾರಿಗೂ. ಫೋನ್ ಬೇಡ ಅಕ್ಕ, ನಿನ್ನ ದನಿ ಕೇಳಿದ್ರೆ ಅತ್ತುಬಿಡ್ತೀನಿ, ಕಾಗದವೇ ಇರಲಿ.

ನಿನ್ನ ಗುಂಡಿ


ಜೂನ್ 19

ನನ್ನ ಗುಂಡೀ,

ಬರೆದದ್ದೆಲ್ಲ ಕಣ್ಣೀರಿಗೆ ಹರಡ್ತಿದೆ, ಇದು ನಾಲ್ಕನೇ ಹಾಳೆ. ಮನುಷ್ಯರ ಮೈ ಮುಟ್ಟಿ ಅಳತೆ ತಗೊಳ್ಳೋದು ನನ್ನ ಕಸುಬು. ಅಂಗಿ ಕೇಳಿದೆ, ಅಂಗಿ ನೋಡಿದೆ. ಅದರೊಳಗಿನ ಕೈ ನಂಗೆ ಕಾಣಲಿಲ್ಲವಲ್ಲೇ! ಅದರ ಮೇಲೆ ಅದಕ್ಕೊಂದು ಹೆಸರಿಟ್ಟು ಮಾರಿದೆ.

ನಿನ್ನ ಭಾವ ಕಾಗದ ಓದಿ ಎದ್ದರು. ಆ ಮುಲಾಮಿನ ಡಬ್ಬಿ ಹುಡುಕಿ ತೆಗೆದು ಚರಂಡಿಗೆ ಹಾಕಿ ಬಂದರು. ನನ್ನ ಮಂಡಿಗೆ ಅದು ಚೆನ್ನಾಗೇ ಹಿಡಿದಿತ್ತು. ಹಾಳಾಗಿ ಹೋಗಲಿ, ಕುಂಟ್ತೀನಿ.

ಗೊಂಬೆ ಮೈಮೇಲಿಂದ ಆ ಅಂಗಿ ತೆಗೆದೆ. ಫ್ಯಾಷನ್ ಮುಗೀತು ಅಂತ ಎಲ್ಲರಿಗೂ ಹೇಳ್ದೆ. ಟೀಚರಮ್ಮ 'ಬದುಕಿದೆ' ಅಂದರು. ಬೇಕರಿಯವನ ಹೆಂಡತಿ ಮಾತ್ರ, 'ನಂಗೆ ಇನ್ನೂ ಎರಡು ಬೇಕಕ್ಕ, ಹಾಗೇ ಉದ್ದ' ಅಂದಳು, ನೆಲ ನೋಡ್ಕೊಂಡು. ಮೊದಲಾಗಿದ್ರೆ ಟೇಪು ಎತ್ಕೊಂಡಿರ್ತಿದ್ದೆ. ಈ ಸಲ ಪರದೆ ಎಳೆದು, ಟೀ ತರಿಸಿ, ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡೆ. 'ತೋಳು ಯಾಕಮ್ಮಾ ಉದ್ದ?' ಅಂತ ಮೆಲ್ಲಗೆ ಕೇಳ್ದೆ. ಅವಳು ಟೀ ಪೂರ್ತಿ ಕುಡಿದು ಎದ್ದಳು. ಹೋಗೋವಾಗ 'ನಾಳೆ ಬರ್ಲಾ?' ಅಂದಳು. ಬಾ ಅಂದಿದೀನಿ.

ನಂಗೀಗಲೇ ಬಸ್ ಹತ್ತಿ ಬರಬೇಕು ಅನ್ನಿಸ್ತಿದೆ. ಅವನು ಬೆನ್ನು ಹತ್ತಿ ಬಂದಾನು ಅಂತ ನಿನ್ನ ಭಾವ ತಡೆದಿದ್ದಾರೆ.

ಅಕ್ಕ


ಜುಲೈ 22

ಅಕ್ಕಾ,

ಅಳೋದು ನಿಲ್ಲಿಸು, ನಿನ್ನ ಕಾಗದ ಓದೋಕೆ ಭೂತಗನ್ನಡಿ ಬೇಕಾಯ್ತು.

ದೊಡ್ಡ ಮೇಡಂ ನನ್ನನ್ನ ಆರೋಗ್ಯ ಕೇಂದ್ರದ ಡಾಕ್ಟರಮ್ಮನ ಹತ್ರ ಕಳಿಸ್ತಾರೆ. ಸೂಜಿ ಇಲ್ಲ, ಕಹಿ ಔಷಧಿ ಇಲ್ಲ, ಬರೀ ಮಾತು. ನಾನು ಅವರನ್ನ ಮಾತಿನ ಡಾಕ್ಟರಮ್ಮ ಅಂತೀನಿ. ಅಲ್ಲಿ ನನ್ನಂಥವರು ಇನ್ನೂ ಇದ್ದಾರೆ. ಒಬ್ಬರು ಕಣ್ಣು ಮುಚ್ಕೊಂಡು ರಸ್ತೆ ದಾಟ್ತಿದ್ದರಂತೆ, ಇನ್ನೊಬ್ಬರು ಬಾಟಲಿ ಹಿಡಿದಿದ್ದರಂತೆ. ನನಗೊಬ್ಬಳಿಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಹೆದರಿಕೆ ಮೈಗೆ ಅಭ್ಯಾಸ ಆಗಿಬಿಟ್ರೆ, ಅದು ಇಲ್ಲದ ದಿನ ನಾವೇ ಹುಡುಕಿಕೊಂಡು ಹೋಗ್ತೀವಂತೆ. ಕೇಳಿ ಹಗುರ ಆಯ್ತು. ನಾವೆಲ್ಲ ಅಲ್ಲಿ ಎಷ್ಟು ನಗ್ತೀವಿ ಗೊತ್ತಾ? ಪಕ್ಕದ ಕೋಣೆಯ ಹಲ್ಲಿನ ಡಾಕ್ಟ್ರು ಬಂದು, 'ನನ್ನ ರೋಗಿಗಳಿಗೆ ಬೇಜಾರಾಗುತ್ತೆ, ಮೆಲ್ಲಗೆ ನಗಿ' ಅಂದರು.

ಕಾರು ಕಲೀತಿದೀನಿ! ಕುಳ್ಳಿ ಅಲ್ವಾ, ರಸ್ತೆ ಕಾಣಲ್ಲ, ಮಡಚಿದ ಗೋಣಿಚೀಲದ ಮೇಲೆ ಕೂರ್ತೀನಿ. ಕಲಿಸೋ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತೆ, ಅದರ ಮೇಲೆ ದೊಡ್ಡ ಮೇಡಂ ಕಾಲು. ಹೋದ ವಾರ ಕೆಂಪು ದೀಪ ನೋಡಿಯೂ ಬೇಕಂತಲೇ ನುಗ್ಗಿಸಿದೆ. ಅವರು ಬ್ರೇಕ್ ಒತ್ತಿದರು, ಕಾರು ಗಕ್ಕನೆ ನಿಲ್ತು. ಬೈಲಿಲ್ಲ. 'ಇವತ್ತು ನನ್ನ ಕಾಲು ಇತ್ತು. ನಿನ್ನ ಕಾಲು ಯಾವಾಗ ಬರುತ್ತೆ?' ಅಂದರು. ನಾಚಿಕೆಯಾಯ್ತು. ಸ್ಕೂಟರ್ ಕೀ ಇನ್ನೂ ಅವರ ಜೇಬಿನಲ್ಲೇ ಇದೆ.

ಗುಂಡಿ


ಆಗಸ್ಟ್ 9

ಗುಂಡಿ,

ಬಂದಿದ್ದ. ಅದೇ ವಿನಯ, ಅದೇ ನಗು, ಕೈಲಿ ಹೊಸ ಮುಲಾಮಿನ ಡಬ್ಬಿ. 'ಅವಳಿಗೆ ಬುದ್ಧಿ ಸರಿಯಿಲ್ಲ, ವಿಳಾಸ ಕೊಡಿ, ಚಿಕಿತ್ಸೆ ಕೊಡಿಸ್ತೀನಿ' ಅಂದ. ನಾನು, 'ಬನ್ನಿ ಬನ್ನಿ, ಅಂಗಡಿಗೆ ಬಂದೋರನ್ನ ಅಳತೆ ತಗೊಳ್ಳದೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ' ಅಂತ ಟೇಪು ಕುತ್ತಿಗೆಗೆ ಸುತ್ತಿದೆ. ಸ್ವಲ್ಪ ಬಿಗಿಯಾಗೇ ಸುತ್ತಿದೆ. 'ಅಳತೆ ನೆನಪಿಟ್ಕೊಂಡಿದೀನಿ. ಇನ್ನೊಂದು ಸಲ ಈ ಬೀದಿಗೆ ಕಾಲಿಟ್ರೆ ಹೊಲಿದೇ ಬಿಡ್ತೀನಿ' ಅಂದೆ. ನಿನ್ನ ಭಾವ ಕಾದ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಬಂದು, ಬಹಳ ಮರ್ಯಾದೆಯಿಂದ ಕೇಳಿದರು, 'ಪ್ಯಾಂಟ್ ಸುಕ್ಕಾಗಿದೆಯಲ್ಲ, ಮೈಮೇಲೇ ಇಸ್ತ್ರಿ ಮಾಡ್ಲಾ?' ಓಡಿದ ನೋಡು! ಮಡದಿಗೆ ಹುಲಿ, ಬೀದಿಗೆ ಇಲಿ. ಪೊಲೀಸ್ ಠಾಣೆಗೂ ಹೋಗಿ ಬರೆಸಿ ಬಂದಿದೀವಿ.

ಈಗ ನನ್ನ ಮಾತು ಕೇಳು. ಕಾರು ಗೀರು ಬೇಡ. ಕೆಂಪು ದೀಪ ನುಗ್ಗಿಸಿದೆ ಅಂತ ಓದಿದಾಗಿಂದ ನಂಗೆ ಅನ್ನ ಇಳೀತಿಲ್ಲ. ಇಲ್ಲಿಗೆ ಬಂದುಬಿಡು, ನನ್ನ ಪಕ್ಕ ಕೂತು ಅಂಗಿಗಳ ಗುಂಡಿಗೆ ಕಾಜಾ ಹಾಕು. ಇಲ್ಲಿ ನಾವಿಬ್ಬರೂ ನಿನ್ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀವಿ. ಬಾಗಿಲಾಚೆ ಕಾಲಿಡೋ ಅಗತ್ಯ ಇರಲ್ಲ.

ಅಕ್ಕ


ಆಗಸ್ಟ್ 17

ಅಕ್ಕ,

ಕೋಪ ಬಂದಿದೆ, ಹಾಗೇ ಬರೀತೀನಿ. ನಾನು ಸಾಯ್ತಿದ್ದಾಗ ಚಪ್ಪಾಳೆ ಹೊಡೆದೆ. ಬದುಕೋಕೆ ಕಲೀತಿದ್ರೆ ಅಳ್ತೀಯ.

ಕೈ ಬಿಟ್ಟಾಗ ಗುಂಡಿಗೆ ಇತ್ತು ಅಂದೆ. ಈಗ ಎರಡೂ ಕೈಲಿ ಸ್ಟೇರಿಂಗ್ ಹಿಡಿದಿದೀನಿ, ಬೇಡ ಅಂತೀಯ. ಬಾಗಿಲಾಚೆ ಕಾಲಿಡಬೇಡ ಅಂತ ಅವರೂ ಹೇಳ್ತಿದ್ದರು. ನೀನು ಪ್ರೀತಿಯಿಂದ ಹೇಳ್ತೀಯ ಅಂತ ಗೊತ್ತು, ಆದ್ರೂ ಬಾಗಿಲು ಬಾಗಿಲೇ.

ಗುಂಡಿ


ಆಗಸ್ಟ್ 25

ಗುಂಡಿ,

ಆ ಮಾತು ಸೂಜಿ ಉಗುರಿನೊಳಗೆ ಹೋದ ಹಾಗಾಯ್ತು. ಸರಿಯಾದ ಮಾತು, ಅದಕ್ಕೇ ಅಷ್ಟು ನೋವು. ನಿನ್ನ ಭಾವನಿಗೆ ತೋರಿಸಿದೆ. 'ಅವಳು ಕೈ ಬಿಟ್ಟಾಗ ಹೆದರಬೇಕಿತ್ತು, ಹಿಡಿದಾಗ ಅಲ್ಲ' ಅಂದರು. ಮನುಷ್ಯ ಇಡೀ ವರ್ಷದಲ್ಲಿ ಆಡೋದು ನಾಲ್ಕು ಮಾತು, ನಾಲ್ಕೂ ಸರಿ ಇರುತ್ತೆ, ಅದೇ ಸಂಕಟ.

ಓಡಿಸು. ನಾನು ಹೆದರ್ತೀನಿ, ಅದು ನನ್ನ ಪಾಡು. ಕಲಿತದ್ದೆಲ್ಲ ಬರೀ.

ಅಕ್ಕ


ನವೆಂಬರ್ 4

ಅಕ್ಕಾ! ಅಕ್ಕಾ! ಅಕ್ಕಾ!

ಪಾಸು! ಓಡಿಸೋದಕ್ಕೆ ಸರ್ಕಾರ ಪಾಸು ಮಾಡಿದೆ, ಕಲಿಸೋದಕ್ಕೆ ದೊಡ್ಡ ಮೇಡಂ ಪಾಸು ಮಾಡಿದ್ದಾರೆ. ಈಗ ಪಕ್ಕದ ಸೀಟಿನಲ್ಲಿ ನಾನು, ಬ್ರೇಕಿನ ಮೇಲೆ ನನ್ನ ಕಾಲು. ಕಲಿಯೋರಲ್ಲಿ ಮಾತಿನ ಡಾಕ್ಟರಮ್ಮನ ಹತ್ರ ಸಿಕ್ಕ ಹೆಂಗಸರೂ ಇದ್ದಾರೆ. ಕಣ್ಣು ಮುಚ್ಕೊಂಡು ರಸ್ತೆ ದಾಟ್ತಿದ್ದವರಿಗೆ ಕಣ್ಣು ಬಿಟ್ಟು ಓಡಿಸೋದು ಹೇಳಿಕೊಡ್ತಿದೀನಿ. ಬೆಳಿಗ್ಗೆಯಿಂದ ಸಂಜೆ ತನಕ ಕೂಗಿ ಕೂಗಿ ನನಗೂ ಹಾರ್ನಿನ ಗಂಟಲು ಬಂದಿದೆ.

ರಾಯರ ಜೊತೆಗೂ ಈಗ ಚೆನ್ನಾಗಿ ಹೊಂದಿಕೆ ಆಗಿದೆ. ಬೆಳಿಗ್ಗೆ ಮಾತ್ರ ಅವರಿಗೆ ಸಿಟ್ಟು ಜಾಸ್ತಿ. ಸ್ವಲ್ಪ ಒದೀತಾರೆ, ಗುರ್ ಅಂತಾರೆ. ಬಿಸಿಯಾದ ಮೇಲೆ ಬೆಣ್ಣೆಯಂಥವರು. ವಯಸ್ಸಾಗಿದೆ ಪಾಪ, ನಾನೇ ಸಹಿಸ್ಕೋತೀನಿ. ದೊಡ್ಡ ಮೇಡಂ ಅವರನ್ನ ನನಗೇ ಒಪ್ಪಿಸಿಬಿಟ್ಟಿದ್ದಾರೆ.

ಫೋಟೋ ಇಟ್ಟಿದೀನಿ, ನೋಡು ನಿನ್ನ ಗುಂಡೀನ.


ನವೆಂಬರ್ 10

ಫೋಟೋ ನೋಡಿದೆ. ಕೈ ನೋಡಿದೆ. ಆ ರಾಯರು ಯಾರು ಅಂತ ನಾನೇ ಬಂದು ವಿಚಾರಿಸ್ಕೋತೀನಿ. ಈ ಸಲ ಕಣ್ಣು ತಪ್ಪಲ್ಲ. ಹೊರಟೆ.

ಅಕ್ಕ


ನವೆಂಬರ್ 21

ನನ್ನ ಅಕ್ಕಾ,

ಕ್ಷೇಮವಾಗಿ ಸೇರಿದೆ ತಾನೇ? ನೀನು ಹೋದ ಮೇಲೂ ಇಲ್ಲಿ ಬೇರೆ ಮಾತೇ ಇಲ್ಲ. ನಿನ್ನ ಕಾರ್ಡು ನೀನು ಬಂದ ಮಾರನೇ ದಿನ ಬಂತು! ನೀನು ಬಂದದ್ದು ನಿನ್ನ ಕಣ್ಣಿಗೆ ಕಂಡಿರಲ್ಲ, ಹಾಗಾಗಿ ಭಾವನಿಗೋಸ್ಕರ ಬರೀತಿದೀನಿ, ಓದಿ ಹೇಳು.

ಕಲಿಯೋರೆಲ್ಲ ಅಂಗಳದಲ್ಲಿ ಟೀ ಕುಡೀತಾ ನಿಂತಿದ್ದರು. ಗೇಟು ದಬ್ಬಿಕೊಂಡು ಒಬ್ಬ ಹೆಂಗಸು ಬಂದಳು, ಕೂದಲು ಕೆದರಿದೆ, ಕೈಲಿ ಬಟ್ಟೆ ಕತ್ತರಿಸೋ ದೊಡ್ಡ ಕತ್ತರಿ. 'ಎಲ್ಲಿ ಆ ರಾಯರು? ಗಂಡಸಾಗಿದ್ರೆ ಹೊರಗೆ ಬರಲಿ!' ದೊಡ್ಡ ಮೇಡಂ ಜೀವಮಾನದಲ್ಲೇ ಮೊದಲ ಸಲ ತೊದಲಿದರು. 'ಅ... ಅಲ್ಲಿ, ಮೂಲೇಲಿ. ಯಾಕಮ್ಮಾ, ಏನ್ಮಾಡಿದರು?' ಮೂಲೇಲಿ ನಿಂತಿದ್ದದ್ದು ಬಣ್ಣ ಹೋದ, ಬಾನೆಟ್ ತೆರೆದಿಟ್ಟ ನಮ್ಮ ಹಳೇ ಕಾರು. ಬೆಳಿಗ್ಗೆ ಬೆಳಿಗ್ಗೆ ಒದ್ದು ಒದ್ದು ಮುಂದೆ ಹೋಗೋ ಕಾರಿಗೆ ಎಲ್ಲರೂ ಸೇರಿ ಇಟ್ಟ ಹೆಸರದು. ನಿಂಗೆ ಹೇಳಿರಲಿಲ್ಲ ಅಂತ ನಂಗೆ ಹೊಳೆದೇ ಇರಲಿಲ್ಲ! ನೀನು ಕಾರು ನೋಡಿದೆ, ಕತ್ತರಿ ನೋಡಿದೆ. ಆದ್ರೂ ನಂಬಿಕೆ ಬರಲಿಲ್ಲ ನಿಂಗೆ. ನನ್ನ ಕೈ ಎಳೆದುಕೊಂಡು ಕರವಸ್ತ್ರಕ್ಕೆ ಉಗುಳು ಹಚ್ಚಿ ಗಸಗಸ ಉಜ್ಜಿದೆ. 'ಇದೇನಿದು ಕಪ್ಪು? ಹೋಗ್ತಿಲ್ಲ!'

'ಬಿಸಿಲು ಅಕ್ಕ' ಅಂದೆ. ದಿನವಿಡೀ ಕಿಟಕಿ ಹೊರಗೆ ಕೈ ಹಾಕಿ ಹಿಂದಿನ ಗಾಡಿಗಳಿಗೆ 'ನಿಧಾನ, ಕಲಿಯೋರಿದ್ದಾರೆ' ಅಂತ ತೋರಿಸ್ತೀನಲ್ಲ, ಆ ಒಂದು ಕೈ ಮಾತ್ರ ಸುಟ್ಟಿದೆ. ಗಿಡ್ಡ ತೋಳನ್ನ ಮೇಲೆ ಸರಿಸಿ ತೋರಿಸಿದೆ. ತೋಳು ಮುಗಿಯೋ ಕಡೆ ಕಪ್ಪೂ ಮುಗಿದಿತ್ತು, ನೀನೇ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದಷ್ಟು ನೇರ. ನೀನು ಆ ಗೆರೆ ಮೇಲೆ ಬೆರಳು ಓಡಿಸಿದೆ. ಒಂದು ಸಲ, ಇನ್ನೊಂದು ಸಲ. ಆಮೇಲೆ ಅಂಗಳದಲ್ಲೇ ಕೂತುಬಿಟ್ಟೆ. ಅಳ್ತಿದ್ದೀಯೋ ನಗ್ತಿದ್ದೀಯೋ ಯಾರಿಗೂ ತಿಳೀಲಿಲ್ಲ. ಟೀ ಕುಡೀತಿದ್ದವರೆಲ್ಲ ಬಂದು ನಿನ್ನ ಸುತ್ತ ಕೂತರು, ಅವರಿಗೂ ಅದೇ ಗತಿ.

ಬಸ್ ಸ್ಟ್ಯಾಂಡಿಗೆ ಬಿಡೋಕೆ ಆ ಇಳಿಜಾರಿನ ದಾರೀಲೇ ಕರ್ಕೊಂಡು ಹೋದೆ. ಬೇಕಂತಲೇ. ನೀನು ಕಣ್ಣು ಮುಚ್ಕೊಂಡು 'ಗುಂಡಿ! ಗುಂಡಿ!' ಅಂತ ಕಿರುಚ್ತಿದ್ದೆ, ನನ್ನನ್ನ ಕರೀತಿದ್ದೀಯೋ ರಸ್ತೆಯ ಗುಂಡಿ ತೋರಿಸ್ತಿದ್ದೀಯೋ ಗೊತ್ತಾಗಲಿಲ್ಲ. ಇಳಿಜಾರಿನ ಬುಡಕ್ಕೆ ಬಂದಾಗ ಮೆಲ್ಲಗೆ ಬ್ರೇಕ್ ಒತ್ತಿದೆ. ರಾಯರು ಒಂದು ಚೂರೂ ಒದೀಲಿಲ್ಲ. ಇದನ್ನ ಕೇಳಿ ದೊಡ್ಡ ಮೇಡಂ ಜೇಬಿಂದ ಸ್ಕೂಟರ್ ಕೀ ತೆಗೆದು ಕೈಗೆ ಕೊಟ್ಟರು.

ಎಲ್ಲ ಸರಿಯಾಗಿಬಿಟ್ಟಿದೆ ಅಂತಲ್ಲ. ಯಾರಾದ್ರೂ ಬಾಗಿಲು ದಡಾರ್ ಅಂತ ಹಾಕಿದ್ರೆ ಈಗಲೂ ಬೆಚ್ಚಿ ಬೀಳ್ತೀನಿ. ಕೆಲವು ದಿನ ಇಳಿಜಾರು ಕರೆಯುತ್ತೆ. ಅವತ್ತು ಕೀ ತಗೊಂಡು ಹೋಗಿ ದೊಡ್ಡ ಮೇಡಂ ಕೈಗೆ ಕೊಟ್ಟು, ಮಾತಿನ ಡಾಕ್ಟರಮ್ಮನ ಹತ್ರ ನಡ್ಕೊಂಡು ಹೋಗ್ತೀನಿ.

ಎರಡು ಅಂಗಿ ಹೊಲಿದು ಕಳಿಸು. ತೋಳು ಗಿಡ್ಡ. ಅಳತೆ ನೀನೇ ನೋಡಿದ್ದೀಯಲ್ಲ, ಗೆರೆ ಎಲ್ಲಿದೆ ಅಂತ.

ನಿನ್ನ ಗುಂಡಿ


ಡಿಸೆಂಬರ್ 8

ಲೇ ಗುಂಡಿ,

ಅಂಗಿಗಳು ಇದರ ಜೊತೆ ಬರ್ತಿವೆ. ಗೆರೆಯಿಂದ ಒಂದು ಬೆರಳು ಮೇಲೇ ಕತ್ತರಿಸಿದೀನಿ, ಬಿಸಿಲು ಇನ್ನೊಂದಿಷ್ಟು ತಗಲಲಿ.

ಗೊಂಬೆಗೂ ಅದನ್ನೇ ಹಾಕಿದೆ. ಟೀಚರಮ್ಮ ಕೇಳಿದರು, 'ಇದೇನು ಹೊಸ ಫ್ಯಾಷನ್?' 'ಡ್ರೈವರ್ ತೋಳು' ಅಂದೆ. ಮೂಗು ಪೂರ್ತಿ ಮೇಲೆ ಮಾಡ್ಕೊಂಡು ಅಂದೆ. ಬೀದಿಗೆ ಬೀದಿಯೇ ಪೆಟ್ಟಿಗೆ ತಳ ಸೇರಿದ್ದ ಆ ಹಳೇ ಉದ್ದ ತೋಳು ಕತ್ತರಿಸೋಕೆ ತಂದು ಸುರಿದಿದೆ. ಹೋದ ಬೇಸಿಗೇಲಿ ಬೆಂದ ಮೊಳಕೈಗಳಿಗೆಲ್ಲ ಈಗ ಗಾಳಿಯೋ ಗಾಳಿ!

ಎಲ್ಲರೂ ಹೋದ ಮೇಲೆ ಬೇಕರಿಯವನ ಹೆಂಡತಿ ಬಂದಳು. ಹೋದ ವಾರ ಅವಳು ಮಗಳನ್ನ ಕರ್ಕೊಂಡು ತವರಿಗೆ ಹೋಗಿದ್ದಾಳೆ, ಅಲ್ಲಿಂದ ನನ್ನ ಅಂಗಡಿಗೆ ಕಾಜಾ ಹಾಕೋಕೆ ಬರ್ತಾಳೆ. ಅಷ್ಟು ದಿನ ಕುಡಿದ ಟೀ ಕೊನೆಗೆ ಬಾಯಿ ಬಿಡಿಸ್ತು. 'ನನ್ನ ಅಂಗಿ ತೋಳನ್ನ ನಾನೇ ಕತ್ತರಿಸ್ಲಾ ಅಕ್ಕ?' ಅಂದಳು. ನನ್ನ ಕತ್ತರಿ ನಾನು ಯಾರಿಗೂ ಮುಟ್ಟೋಕೆ ಕೊಡಲ್ಲ ಅಂತ ನಿಂಗೆ ಗೊತ್ತು. ಕೊಟ್ಟೆ. ಸೊಟ್ಟಸೊಟ್ಟ ಕತ್ತರಿಸಿದಳು. ಹಾಗೇ ಇರಲಿ ಅಂದೆ. ಬೇಸಿಗೇಲಿ ಅವಳು ನಿನ್ನ ಹತ್ರ ಕಾರು ಕಲಿಯೋಕೆ ಬರ್ತಾಳಂತೆ, ರಾಯರಿಗೆ ಈಗಲೇ ಹೇಳಿಡು.

ನಿನ್ನ ಭಾವ ಇಲ್ಲೇ ನಿಂತು, ಒಂದು ಸಾಲು ಬರೀ ಅಂತಿದ್ದಾರೆ: 'ಕೈ ಬಿಡಬೇಡ, ನಾವೂ ಬಿಡಲ್ಲ.' ಇದರ ಮಧ್ಯೆ ಯಾರದೋ ಪ್ಯಾಂಟು ಸುಟ್ಟ ವಾಸನೆ ಬರ್ತಿದೆ.

ನಮ್ಮ ಗುಂಡಿಗೆ ಗುಂಡಿಗೆ ಇದೆ. ಈ ಸಲ ಬಿಸಿಲಲ್ಲಿ ಕೈ ಹಿಡಿದು, ಉಜ್ಜಿ ನೋಡಿ ಬರೀತಿದೀನಿ.

ಪೊಟ್ಟಣದಲ್ಲಿ ಒಂದು ದಿಂಬೂ ಇದೆ. ಗೋಣಿಚೀಲ ಎಸೆದುಬಿಡು. ಕತ್ತರಿಸಿದ ಉದ್ದ ತೋಳುಗಳನ್ನೆಲ್ಲ ಅದರೊಳಗೆ ತುರುಕಿ ನಾಲ್ಕೂ ಕಡೆ ಗಟ್ಟಿಯಾಗಿ ಹೊಲಿದಿದೀನಿ. ನಿಂಗೆ ರಸ್ತೆ ಪೂರ್ತಿ ಕಾಣುವಷ್ಟು ಎತ್ತರ ಇದೆ. ಅದನ್ನ ಸೀಟಿಗೆ ಹಾಕಿ, ಅದರ ಮೇಲೆ ಚೆನ್ನಾಗಿ ಭಾರ ಬಿಟ್ಟು ಕೂತ್ಕೋ.

ನಿನ್ನ ಅಕ್ಕ